ಯಲ್ಲಾಪ್ರಗಡ ಸುಬ್ಬರಾವ್: ಗೇಟಿನ ಹೊರಗೇ ನಿಂತವರು ಕೊಟ್ಟುಹೋದ ಕೀಲಿಕೈ

ಕುಕನೂರಿನ ಸರ್ಕಾರಿ ಹೈಸ್ಕೂಲಿರಲಿ, ಯಲಬುರ್ಗಾದ ಹಾಸ್ಟೆಲಿರಲಿ, ರಾಜ್ಯದ ಉಳಿದ ಕಡೆಯಂತೆ ಅಲ್ಲಿನ ಹದಿಹರೆಯದ ಮಕ್ಕಳಿಗೂ ವಾರಕ್ಕೊಂದು ನೀಲಿ ಮಾತ್ರೆ ಕೊಡಬೇಕು ಅನ್ನೋದು ಸರ್ಕಾರದ ಕಾರ್ಯಕ್ರಮ. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಕಬ್ಬಿಣ ಯಾಕೆ ಅಂತ ಯಾರನ್ನು ಕೇಳಿದರೂ ಹೇಳ್ತಾರೆ, ರಕ್ತಕ್ಕೆ. ಪಕ್ಕದಲ್ಲಿ ಕೂತಿರೋ ಫೋಲಿಕ್ ಆಮ್ಲ ಯಾಕೆ ಅಂದ್ರೆ ಮೇಷ್ಟ್ರೂ ಒಂದು ಕ್ಷಣ ಯೋಚಿಸಬೇಕಾಗುತ್ತೆ. ಅದನ್ನು ಪ್ರಯೋಗಾಲಯದಲ್ಲಿ ಮೊದಲು ತಯಾರಿಸಿದ ತಂಡದ ಮುಖ್ಯಸ್ಥ ನಮ್ಮ ಪಕ್ಕದ ರಾಜ್ಯದ ತೆಲುಗು ಮನುಷ್ಯ ಅನ್ನೋದಂತೂ ಯಾವ ಪಠ್ಯದಲ್ಲೂ ಸರಿಯಾಗಿ ಬರೋದಿಲ್ಲ.

ಅವರ ಹೆಸರು ಯಲ್ಲಾಪ್ರಗಡ ಸುಬ್ಬರಾವ್. ಹುಟ್ಟಿದ್ದು 1895ರ ಜನವರಿ 12, ಗೋದಾವರಿ ಸೀಮೆಯ ಭೀಮವರಂನಲ್ಲಿ. ತೀರಿಕೊಂಡದ್ದು 1948ರ ಆಗಸ್ಟ್‌ನಲ್ಲಿ, ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬ ಊರಲ್ಲಿ. ಆಗ ನಮ್ಮ ಕುಕನೂರು, ಕೊಪ್ಪಳ ಇನ್ನೂ ನಿಜಾಮನ ಆಳ್ವಿಕೆಯಲ್ಲಿದ್ದವು. ಪೊಲೀಸ್ ಕಾರ್ಯಾಚರಣೆಗೆ ಇನ್ನೊಂದು ತಿಂಗಳಿತ್ತು.

ಸುಬ್ಬರಾವ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಪಟ್ಟಿ ಕೊಡ್ತಾರೆ. ಎಟಿಪಿ, ಫೋಲಿಕ್ ಆಮ್ಲ, ಕ್ಯಾನ್ಸರ್ ಔಷಧಿ, ಆನೆಕಾಲು ರೋಗದ ಮಾತ್ರೆ, ಆಂಟಿಬಯೋಟಿಕ್. ಕೊನೆಗೆ ನೊಬೆಲ್ ಸಿಗಲಿಲ್ಲ ಅನ್ನೋ ನಿಟ್ಟುಸಿರು. ನನಗೆ ಈ ಪಟ್ಟಿ ಯಾವಾಗಲೂ ಚೆಲ್ಲಾಪಿಲ್ಲಿಯಾಗಿ ಕಾಣುತ್ತಿತ್ತು. ನಮ್ಮ ಜೀವಕೋಶ ತನ್ನ ಡಿಎನ್‌ಎಗೆ ಪೆಟ್ಟು ಬಿದ್ದಾಗ ಏನು ಮಾಡುತ್ತೆ ಅಂತ ಓದುವಾಗ ಈ ಪಟ್ಟಿಯ ಮುಖ್ಯ ಸಾಲುಗಳೆಲ್ಲ ಒಂದೇ ಜಾಗದಲ್ಲಿ ಬಂದು ಸೇರಿದವು. ಆ ಜಾಗ ಜೀವಕೋಶದೊಳಗಿನ ಒಂದು ಚೆಕ್‌ಪೋಸ್ಟ್.

ಖಾದಿಯ ಬೆಲೆ

ಬಡ ಮನೆ, ಏಳು ಮಕ್ಕಳು. ಕಂದಾಯ ಇಲಾಖೆಯಲ್ಲಿದ್ದ ತಂದೆ ಕಾಯಿಲೆಯಿಂದ ಕೆಲಸ ಬಿಟ್ಟಿದ್ದರು. ಹುಡುಗ ಓದಿನಲ್ಲಿ ಜಾಣನೇನಲ್ಲ. ಹದಿಮೂರರ ವಯಸ್ಸಿನಲ್ಲಿ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡ್ತೀನಿ ಅಂತ ಮನೆ ಬಿಟ್ಟು ಹೊರಟಿದ್ದನಂತೆ. ದಾರಿಯಲ್ಲೇ ಹಿಡಿದು ತಂದರು. ಮೆಟ್ರಿಕ್ ಪಾಸಾದದ್ದು ಮೂರನೇ ಸಲಕ್ಕೆ, ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ. ಮುಂದೆ ರಾಮಕೃಷ್ಣ ಮಿಷನ್ ಸೇರಿ ಸನ್ಯಾಸಿಯಾಗಬೇಕು ಅಂದಾಗ ತಾಯಿ ವೆಂಕಮ್ಮ ಬಿಡಲಿಲ್ಲ. ಹಾಗಾಗಿ ಮದ್ರಾಸ್ ಮೆಡಿಕಲ್ ಕಾಲೇಜು.

ಅಲ್ಲಿ ಗಾಂಧಿಯ ಕರೆ ಕೇಳಿಸಿತು. ಸುಬ್ಬರಾವ್ ಶಸ್ತ್ರಚಿಕಿತ್ಸೆ ಕೋಣೆಗೆ ಖಾದಿ ನಿಲುವಂಗಿ ತೊಟ್ಟು ಬರತೊಡಗಿದರು. ಸರ್ಜರಿ ಪ್ರಾಧ್ಯಾಪಕ ಬ್ರ್ಯಾಡ್‌ಫೀಲ್ಡ್‌ಗೆ ಅದು ಹಿಡಿಸಲಿಲ್ಲ. ಫಲಿತಾಂಶ ಬಂದಾಗ ಸಿಕ್ಕಿದ್ದು ಪೂರ್ಣ ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್. ಮದ್ರಾಸ್ ವೈದ್ಯಕೀಯ ಸೇವೆಗೆ ಸೇರುವ ಪ್ರಯತ್ನವೂ ಕೈಗೂಡಲಿಲ್ಲ. ಆಯುರ್ವೇದ ಕಾಲೇಜೊಂದರಲ್ಲಿ ಅಂಗರಚನಾಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು.

ಈ ಅವಧಿಯಲ್ಲೇ ಮನೆಯಲ್ಲಿ ಸಾವು. ಸ್ಪ್ರೂ ಅಂತ ಒಂದು ರೋಗ. ಕರುಳು ಆಹಾರವನ್ನು ಹೀರಿಕೊಳ್ಳುವುದನ್ನೇ ನಿಲ್ಲಿಸಿಬಿಡುತ್ತೆ. ಭೇದಿ ನಿಲ್ಲಲ್ಲ, ಮೈ ಬಿಳಿಚಿಕೊಂಡು ಮನುಷ್ಯ ಸವೆದುಹೋಗ್ತಾನೆ. ಅಣ್ಣ ಅದಕ್ಕೆ ಬಲಿಯಾದರು. ಸುಬ್ಬರಾವ್‌ಗೂ ಅದೇ ರೋಗ ತಗುಲಿತ್ತು. ಆಯುರ್ವೇದ ವೈದ್ಯ ಆಚಂಟ ಲಕ್ಷ್ಮೀಪತಿ ಅವರ ಆರೈಕೆಯಲ್ಲಿ ಉಳಿದುಕೊಂಡರು. ಉಳಿದವನು ಈ ರೋಗದ ಬೇರು ಹುಡುಕಬೇಕು ಅಂತ ತೀರ್ಮಾನಿಸಿದ. ಮಾವನ ಹಣ, ಒಂದು ಧರ್ಮಸಂಸ್ಥೆಯ ನೆರವು ಸೇರಿಸಿಕೊಂಡು 1920ರ ದಶಕದ ಆರಂಭದಲ್ಲಿ ಬಾಸ್ಟನ್‌ಗೆ ಹೊರಟರು. ಹೆಂಡತಿ ಶೇಷಗಿರಿ ಊರಲ್ಲೇ ಉಳಿದರು. ಅವರು ಗಂಡನನ್ನು ಮತ್ತೆ ನೋಡಲೇ ಇಲ್ಲ. ಸುಬ್ಬರಾವ್ ಹೊರಟ ಮೇಲೆ ಹುಟ್ಟಿದ ಮಗು ಎಳವೆಯಲ್ಲೇ ತೀರಿಕೊಂಡಿತು. ಈ ಹೆಣ್ಣುಮಗಳ ಬದುಕಿನ ಲೆಕ್ಕವನ್ನು ಯಾವ ಜೀವನಚರಿತ್ರೆಯೂ ಸರಿಯಾಗಿ ಇಟ್ಟಿಲ್ಲ. ಮಹಾಪುರುಷರ ಕತೆ ಹೇಳುವಾಗ ನಾವು ಅದನ್ನು ದಾಟಿ ಹೋಗಬಾರದು.

ಹಾರ್ವರ್ಡ್‌ನ ರಾತ್ರಿ ಪಾಳಿ

ಹಾರ್ವರ್ಡ್‌ನಲ್ಲಿ ಉಷ್ಣವಲಯದ ರೋಗಗಳ ಡಿಪ್ಲೊಮಾ ಮಾಡುವಾಗ ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಕೆಲಸ. ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯೋದೂ ಅದರಲ್ಲಿ ಸೇರಿತ್ತು. ಮುಂದೆ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕೆ ಜೊತೆ ಸೇರಿದರು. 1925ರಲ್ಲಿ ಇಬ್ಬರೂ ಸೇರಿ ರಕ್ತ, ಮೂತ್ರದಲ್ಲಿನ ರಂಜಕವನ್ನು ಬಣ್ಣದ ಗಾಢತೆಯಿಂದ ಅಳೆಯುವ ವಿಧಾನ ಪ್ರಕಟಿಸಿದರು. ಫಿಸ್ಕೆ-ಸುಬ್ಬರಾವ್ ವಿಧಾನ ಅಂತ ಜೀವರಸಾಯನ ಓದುವ ಮಕ್ಕಳು ಇವತ್ತೂ ಪ್ರಾಕ್ಟಿಕಲ್ ದಾಖಲೆಯಲ್ಲಿ ಬರೀತಾರೆ. ಈ ಅಳತೆಗೋಲು ಕೈಯಲ್ಲಿ ಹಿಡಿದೇ 1927ರಲ್ಲಿ ಸ್ನಾಯುವಿನಲ್ಲಿ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಎಟಿಪಿ ಪತ್ತೆ ಮಾಡಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಹ್ಮನ್ ಕೂಡ ಪ್ರತ್ಯೇಕವಾಗಿ ಎಟಿಪಿ ಕಂಡುಕೊಂಡರು.

ಎಟಿಪಿಯನ್ನು ಪಿಯುಸಿ ಪುಸ್ತಕ ಜೀವಕೋಶದ ಶಕ್ತಿಯ ನಾಣ್ಯ ಅನ್ನುತ್ತೆ. ಅದರ ಇನ್ನೊಂದು ಕೆಲಸ ಪುಸ್ತಕದಲ್ಲಿ ಅಷ್ಟಾಗಿ ಕಾಣಲ್ಲ. ಜೀವಕೋಶದೊಳಗೆ ಒಂದು ಪ್ರೋಟೀನು ಇನ್ನೊಂದಕ್ಕೆ ಸಂದೇಶ ಕಳಿಸುವಾಗ, ಎಟಿಪಿಯಿಂದ ಒಂದು ಫಾಸ್ಫೇಟ್ ಚೂರು ಮುರಿದು ಅದರ ಮೈಗೆ ಅಂಟಿಸುತ್ತೆ. ಸೀಲು ಬಿದ್ದ ಪ್ರೋಟೀನು ಏಳುತ್ತೆ ಅಥವಾ ಕೂರುತ್ತೆ. ಈ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತೆ.

1930ರಲ್ಲಿ ಪಿಎಚ್‌ಡಿ ಬಂತು. ಕಾಯಂ ಹುದ್ದೆ ಬರಲಿಲ್ಲ. ಆಗಿನ ಅಮೆರಿಕ ಹೇಗಿತ್ತು ಅಂದ್ರೆ, 1923ರಲ್ಲಿ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಅಂತ ತೀರ್ಪು ಕೊಟ್ಟಿತ್ತು. 1924ರ ಕಾನೂನು ವಲಸೆಯ ಬಾಗಿಲನ್ನೂ ಮುಚ್ಚಿತು. ಆ ಬಾಗಿಲು ಸ್ವಲ್ಪ ತೆರೆದದ್ದು 1946ರಲ್ಲಿ. ಸುಬ್ಬರಾವ್ ಎರಡು ದಶಕಕ್ಕೂ ಹೆಚ್ಚು ಕಾಲ ಆ ದೇಶದಲ್ಲಿ ದುಡಿದು, ಅದರ ಪ್ರಜೆಯಾಗದೆಯೇ ಸತ್ತರು. ಅದೇ ಫಿಸ್ಕೆ ಪ್ರಯೋಗಾಲಯದಲ್ಲಿ ಓದಿದ ಜಾರ್ಜ್ ಹಿಚಿಂಗ್ಸ್ ಮುಂದೆ ಹೇಳಿದ ಪ್ರಕಾರ, ಸುಬ್ಬರಾವ್ ಕಂಡುಕೊಂಡಿದ್ದ ಕೆಲವು ಸಂಗತಿಗಳನ್ನು ಫಿಸ್ಕೆ ಹೊಟ್ಟೆಕಿಚ್ಚಿನಿಂದ ಬೆಳಕಿಗೆ ಬರಲು ಬಿಡಲಿಲ್ಲ. ಬೇರೆಯವರು ಅವನ್ನು ಮತ್ತೆ ಕಂಡುಹಿಡಿಯಬೇಕಾಯ್ತು. ಈ ಹಿಚಿಂಗ್ಸ್ ಹೆಸರೂ ಮತ್ತೆ ಬರುತ್ತೆ.

ಗಿರಣಿ ಹೆಂಗಸರಿಂದ ಪಾಲಕ್ ಸೊಪ್ಪಿಗೆ

1940ರಲ್ಲಿ ಸುಬ್ಬರಾವ್ ಹಾರ್ವರ್ಡ್ ಬಿಟ್ಟು ಪರ್ಲ್ ರಿವರ್‌ನ ಲೆಡರ್ಲೆ ಎಂಬ ಔಷಧ ಕಂಪನಿ ಸೇರಿದರು. ಸ್ವಲ್ಪ ಸಮಯದಲ್ಲೇ ಸಂಶೋಧನಾ ನಿರ್ದೇಶಕರಾದರು. ಅಲ್ಲಿ ಬೆನ್ನು ಹತ್ತಿದ್ದು ಹಳೆಯ ಸ್ಪ್ರೂ.

ಆ ದಾರಿಯ ಮೊದಲ ಹೆಜ್ಜೆ ಬಿದ್ದದ್ದು ಭಾರತದಲ್ಲೇ. 1928ರಲ್ಲಿ ಬಾಂಬೆಗೆ ಬಂದ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿ ಹೆಂಗಸರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಅದು ಕಬ್ಬಿಣದ ಕೊರತೆಯದಲ್ಲ. ರಕ್ತಕಣಗಳು ಕಡಿಮೆ ಇದ್ದವು, ಆದರೆ ಇದ್ದವು ಸಾಮಾನ್ಯಕ್ಕಿಂತ ದೊಡ್ಡವು. ಬಡ ಊಟದ ಕೊರತೆ ಇದು ಅಂತ ಅವರು ಗುರುತಿಸಿದರು. ಅಗ್ಗದ ಈಸ್ಟ್ ಸಾರ ತಿನ್ನಿಸಿದಾಗ ಆ ಹೆಂಗಸರು ಚೇತರಿಸಿಕೊಂಡರು. 1941ರಲ್ಲಿ ಅಮೆರಿಕದ ಸಂಶೋಧಕರು ಟನ್‌ಗಟ್ಟಲೆ ಪಾಲಕ್ ಸೊಪ್ಪು ಹಿಂಡಿ ತೆಗೆದ ಪದಾರ್ಥಕ್ಕೆ ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲ ಅಂತ ಹೆಸರಿಟ್ಟರು. ಆದರೆ ರೋಗಿಗೆ ಕೊಡೋಕೆ ಸಾಲುವಷ್ಟು ಬೇಕಲ್ಲ? 1945ರಲ್ಲಿ ಸುಬ್ಬರಾವ್ ಅವರ ದೊಡ್ಡ ತಂಡ ಅದನ್ನು ಕೃತಕವಾಗಿ ತಯಾರಿಸಿತು. ಟಾಮ್ ಸ್ಪೀಸ್ ಎಂಬ ವೈದ್ಯರು ಅದನ್ನು ಸ್ಪ್ರೂ ರೋಗಿಗಳಿಗೆ ಕೊಟ್ಟಾಗ ರಕ್ತ ಮತ್ತೆ ತುಂಬಿಕೊಂಡಿತು. ಅಣ್ಣನನ್ನು ಕೊಂದ ರೋಗಕ್ಕೆ ತಮ್ಮ ಸುಮಾರು ಕಾಲು ಶತಮಾನದ ನಂತರ ಮದ್ದು ಕಳಿಸಿದ ಹಾಗಾಯ್ತು.

ಒಳಗಿನ ಚೆಕ್‌ಪೋಸ್ಟ್

ಇಷ್ಟಕ್ಕೂ ಆ ರಕ್ತಕಣಗಳು ದೊಡ್ಡವಾಗಿದ್ದು ಯಾಕೆ? ಸುಬ್ಬರಾವ್ ಬದುಕಿದ್ದಾಗ ಇದಕ್ಕೆ ಪೂರ್ತಿ ಉತ್ತರ ಇರಲಿಲ್ಲ. ಡಿಎನ್‌ಎಯ ಜೋಡಿ ಸುರುಳಿ ಗೊತ್ತಾಗಿದ್ದೇ 1953ರಲ್ಲಿ.

ನಮ್ಮ ಮೂಳೆಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣ ತಯಾರಿಸುತ್ತೆ. ಅದಕ್ಕೆ ಅಲ್ಲಿನ ಮೂಲ ಕೋಶಗಳು ಒಡೆದು ಎರಡಾಗುತ್ತಲೇ ಇರಬೇಕು. ಪ್ರತಿ ಸಲ ಒಡೆಯುವ ಮೊದಲು ಡಿಎನ್‌ಎಯ ಸುಮಾರು 600 ಕೋಟಿ ಅಕ್ಷರಜೋಡಿ ನಕಲಾಗಬೇಕು. ಆ ನಾಲ್ಕು ಅಕ್ಷರಗಳಲ್ಲಿ ಒಂದು ಥೈಮಿನ್. ಅದನ್ನು ತಯಾರಿಸೋಕೆ ಫೋಲೇಟ್ ಬೇಕೇ ಬೇಕು. ಫೋಲೇಟ್ ಇಲ್ಲದಿದ್ದರೆ ಥೈಮಿನ್ ಜಾಗದಲ್ಲಿ ಯುರಾಸಿಲ್ ಎಂಬ ತಪ್ಪು ಅಕ್ಷರ ಬಂದು ಕೂರುತ್ತೆ. ರಿಪೇರಿ ಮಾಡುವ ಕಿಣ್ವ ಅದನ್ನು ಕತ್ತರಿಸಿ ತೆಗೆಯುತ್ತೆ. ಹಾಕೋಕೆ ಸರಿಯಾದ ಅಕ್ಷರ ಇನ್ನೂ ಇಲ್ಲ, ಮತ್ತೆ ಯುರಾಸಿಲ್ಲೇ ಬರುತ್ತೆ. ಮತ್ತೆ ಕತ್ತರಿ. ಎದುರುಬದುರಿನ ಎರಡೂ ಎಳೆಗಳಲ್ಲಿ ಹೀಗೆ ಕತ್ತರಿ ಬಿದ್ದರೆ ಡಿಎನ್‌ಎ ತುಂಡಾಗುತ್ತೆ.

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಇಂಟರ್‌ಲಾಕ್ ಅಂತ ಕಲಿಸ್ತಾರೆ: ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಯಂತ್ರ ಶುರುವಾಗಲೇ ಬಾರದು. ಜೀವಕೋಶದಲ್ಲೂ ಇಂಥದ್ದೇ ವ್ಯವಸ್ಥೆ ಇದೆ ಅಂತ 1988-89ರಲ್ಲಿ ಈಸ್ಟ್ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಟೆಡ್ ವೈನರ್ಟ್ ಮತ್ತು ಲೀಲ್ಯಾಂಡ್ ಹಾರ್ಟ್‌ವೆಲ್. ಅವರಿಟ್ಟ ಹೆಸರು ಚೆಕ್‌ಪಾಯಿಂಟ್. ಹಾರ್ಟ್‌ವೆಲ್‌ಗೆ 2001ರ ನೊಬೆಲ್ ಪಾಲು ಸಿಕ್ಕಿತು.

ಅದು ಕೆಲಸ ಮಾಡೋದು ಹೀಗೆ. ನಕಲು ಅರ್ಧಕ್ಕೆ ನಿಂತರೆ ಡಿಎನ್‌ಎಯ ಒಂಟಿ ಎಳೆ ಬರಿಮೈಯಾಗಿ ಉಳಿಯುತ್ತೆ. ಎಟಿಆರ್ ಎಂಬ ಪ್ರೋಟೀನು ಅದನ್ನು ಪತ್ತೆ ಹಚ್ಚಿ ಚೆಕ್1 ಎಂಬ ಇನ್ನೊಂದಕ್ಕೆ ಫಾಸ್ಫೇಟ್ ಸೀಲು ಹಾಕುತ್ತೆ. ಎರಡೂ ಎಳೆ ತುಂಡಾಗಿದ್ದರೆ ಎಟಿಎಂ ಬಂದು ಚೆಕ್2ಗೆ ಸೀಲು ಹಾಕುತ್ತೆ. ಹೀಗೆ ಎದ್ದವು ಸಿಡಿಸಿ25 ಎಂಬ ಪ್ರೋಟೀನನ್ನು ತಡೆಯುತ್ತವೆ. ಅದಿಲ್ಲದೆ ಕೋಶ ವಿಭಜನೆಯ ಎಂಜಿನ್ ಆದ ಸಿಡಿಕೆಗಳು ಸ್ಟಾರ್ಟ್ ಆಗಲ್ಲ. ಇನ್ನೊಂದು ಕಡೆ ಪಿ53 ಎಂಬ ಪ್ರೋಟೀನಿಗೂ ಸೀಲು ಬೀಳುತ್ತೆ. ಅದು ಪಿ21 ಅನ್ನು ತಯಾರಿಸಿ ಎಂಜಿನ್ನಿಗೆ ಇನ್ನೊಂದು ಬ್ರೇಕ್ ಹಾಕಿಸುತ್ತೆ. ಗೇಟು ಬಂತು. ರಿಪೇರಿಗೆ ಸಮಯ ಸಿಕ್ಕಿತು. ರಿಪೇರಿ ಮುಗಿದರೆ ಗೇಟು ತೆರೆಯುತ್ತೆ. ಆಗದ ಹಾಗಿದ್ದರೆ ಪಿ53 ಆ ಕೋಶಕ್ಕೆ ಸಾಯಲು ಆಜ್ಞೆ ಕೊಡುತ್ತೆ, ಕೆಟ್ಟ ನಕಲು ಮುಂದಿನ ಪೀಳಿಗೆಗೆ ಹೋಗದಿರಲಿ ಅಂತ.

ಫೋಲೇಟ್ ಇಲ್ಲದ ಮಜ್ಜೆಯಲ್ಲಿ ಆಗೋದು ಇದೇ. ಡಿಎನ್‌ಎ ನಕಲು ಗೇಟಿನಲ್ಲಿ ನಿಂತಿದೆ, ಕೋಶದ ಉಳಿದ ಮೈ ಬೆಳೆಯುತ್ತಲೇ ಇದೆ. ಅದಕ್ಕೇ ಕಣ ದೊಡ್ಡದು. ಎಷ್ಟೋ ಕೋಶಗಳು ಮಜ್ಜೆಯಲ್ಲೇ ಸಾಯ್ತವೆ. ಅದಕ್ಕೇ ಕಣ ಕಡಿಮೆ. ಬಾಂಬೆಯ ಗಿರಣಿ ಹೆಂಗಸರ ರಕ್ತದಲ್ಲಿ ಲೂಸಿ ವಿಲ್ಸ್ ಕಂಡದ್ದು ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದ ಕೋಶಗಳ ಗುರುತನ್ನ. ಸೀಲಿನ ಫಾಸ್ಫೇಟ್ ಬರೋದು 1929ರ ಎಟಿಪಿಯಿಂದ, ಗೇಟು ತೆಗೆಯೋದು 1945ರ ಫೋಲಿಕ್ ಆಮ್ಲ. ಎರಡರ ಹಿಂದೆಯೂ ಒಬ್ಬನೇ ಮನುಷ್ಯ, ಅವನಿಗೆ ಈ ಗೇಟು ಇರುವುದೇ ಗೊತ್ತಿರಲಿಲ್ಲ.

ಅದೇ ಗೇಟನ್ನು ಮುಚ್ಚಿದ್ದು

ಕೀಲಿಕೈ ಸಿಕ್ಕಿದ ಮೇಲೆ ಬೀಗ ಹಾಕೋದಕ್ಕೂ ಅದೇ ಸಾಕು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಫೋಲಿಕ್ ಆಮ್ಲದ ಬಗೆಗಳನ್ನು ಕೊಟ್ಟು ನೋಡಿದರು. ಕ್ಯಾನ್ಸರ್ ಇನ್ನೂ ಜೋರಾದಂತೆ ಕಂಡಿತು. ಹಾಗಾದರೆ ಫೋಲೇಟನ್ನು ತಡೆದರೆ? ಸುಬ್ಬರಾವ್ ಅವರ ಲೆಡರ್ಲೆ ತಂಡ ಫೋಲಿಕ್ ಆಮ್ಲದಂತೆಯೇ ಕಾಣುವ, ಆದರೆ ಅದರ ಕೆಲಸ ಕೆಡಿಸುವ ಅಮಿನೋಪ್ಟೆರಿನ್ ತಯಾರಿಸಿತು. 1948ರ ಜೂನ್‌ನಲ್ಲಿ ಫಾರ್ಬರ್ ವರದಿ ಬಂತು. 16 ಮಕ್ಕಳಲ್ಲಿ 10 ಮಕ್ಕಳ ರೋಗ ತಾತ್ಕಾಲಿಕವಾಗಿ ಹಿಂದೆ ಸರಿದಿತ್ತು. ಅಲ್ಲಿಯವರೆಗೆ ಆ ರೋಗದ ಮಕ್ಕಳಿಗೆ ವೈದ್ಯರು ಕೈಚೆಲ್ಲುವುದೊಂದೇ ಬಾಕಿ ಇತ್ತು. ಎರಡು ತಿಂಗಳ ನಂತರ ಸುಬ್ಬರಾವ್ ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. 53 ವರ್ಷ.

ಅಮಿನೋಪ್ಟೆರಿನ್‌ನ ಜಾಗಕ್ಕೆ ಬಂದ ಅದರ ತಮ್ಮ ಮೆಥೊಟ್ರೆಕ್ಸೇಟ್ ಇವತ್ತೂ ಮಕ್ಕಳ ಲ್ಯುಕೇಮಿಯಾ ಚಿಕಿತ್ಸೆಯ ಮೂಲ ಔಷಧಿ. ಎಡೆಬಿಡದೆ ಒಡೆಯುವ ಕ್ಯಾನ್ಸರ್ ಕೋಶಕ್ಕೆ ಥೈಮಿನ್ ಸಿಗದಂತೆ ಮಾಡಿ ಡಿಎನ್‌ಎ ಕೆಡಿಸುತ್ತೆ. ಮಕ್ಕಳಲ್ಲಿ ಸಾಮಾನ್ಯವಾದ ಲ್ಯುಕೇಮಿಯಾದಲ್ಲಿ ಮೊದಲು ರೋಗ ಪತ್ತೆಯಾದಾಗ ಪಿ53 ಬಹುತೇಕ ಕೆಟ್ಟಿರುವುದಿಲ್ಲ. ಹಾಗಾಗಿ ಕೋಶ ಅದರ ಮಾತು ಕೇಳಿ ಸಾಯುತ್ತೆ. ರೋಗ ಮರುಕಳಿಸಿದವರಲ್ಲಿ ಪಿ53 ಕೆಟ್ಟಿರೋದು ಹೆಚ್ಚು, ಆಗ ಚಿಕಿತ್ಸೆಯೂ ಕಷ್ಟ.

ಕಾಯಿಲೆ ಹತೋಟಿಗೆ ಬಂದ ಮೇಲೆ ಆ ಮಕ್ಕಳು ದೀರ್ಘಕಾಲ ತೆಗೆದುಕೊಳ್ಳುವ ಎರಡು ಮಾತ್ರೆಗಳಿವೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಾ 6-ಮರ್ಕ್ಯಾಪ್ಟೊಪ್ಯುರಿನ್. ಎರಡನೆಯದನ್ನು ಕೊಟ್ಟದ್ದು ಗರ್ಟ್ರೂಡ್ ಎಲಿಯನ್ ಮತ್ತು ಅದೇ ಜಾರ್ಜ್ ಹಿಚಿಂಗ್ಸ್. ಅವರಿಗೆ 1988ರಲ್ಲಿ ನೊಬೆಲ್ ಬಂತು. ಒಂದೇ ಪ್ರಯೋಗಾಲಯದಿಂದ ಹೊರಟ ಇಬ್ಬರ ಕೆಲಸ ಒಂದೇ ಮಗುವಿನ ಅಂಗೈಯಲ್ಲಿ ಸೇರುತ್ತೆ.

ಸಂಧಿವಾತಕ್ಕೂ ಮೆಥೊಟ್ರೆಕ್ಸೇಟ್ ಕೊಡ್ತಾರೆ, ತೀರಾ ಕಡಿಮೆ ಪ್ರಮಾಣದಲ್ಲಿ, ವಾರಕ್ಕೆ ಒಂದೇ ದಿನ. ಜೊತೆಗೆ ಬೇರೆ ದಿನ ಫೋಲಿಕ್ ಆಮ್ಲ. ಬೀಗವೂ ಕೀಲಿಕೈಯೂ ಒಂದೇ ಚೀಟಿಯಲ್ಲಿ. ನಿಮ್ಮ ಮನೆಯ ಹಿರಿಯರಿಗೆ ಈ ಚೀಟಿ ಇದ್ದರೆ ಒಂದು ಸಲ ಓದಿ ಹೇಳಿ. ವಾರದ ಮಾತ್ರೆಯನ್ನು ದಿನಾ ನುಂಗಿದರೆ ಮಜ್ಜೆಯೇ ನಿಂತು ಪ್ರಾಣಕ್ಕೆ ಬರುತ್ತೆ.

ನಮಗೆ ಯಾಕೆ ಬೇಕು ಈ ಕತೆ

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5. ಇದರಲ್ಲಿ ದೊಡ್ಡ ಪಾಲು ಕಬ್ಬಿಣದ ಕೊರತೆ. ಫೋಲೇಟ್, ಬಿ12 ಕೊರತೆಯ ಪಾಲೂ ಇದೆ. ಕುಕನೂರು, ಯಲಬುರ್ಗಾದ ಎರಿ ಹೊಲಗಳಲ್ಲಿ ಬೆಳೆಯುವ ಕಡಲೆ, ಹೆಸರು, ಹಿತ್ತಲ ಸೊಪ್ಪು, ಎಲ್ಲದರಲ್ಲೂ ಫೋಲೇಟ್ ಇದೆ. ಬೆಳೆದವರ ತಟ್ಟೆಗೆ ಅದು ಎಷ್ಟು ಬರುತ್ತೆ, ಮಾರುಕಟ್ಟೆಗೆ ಎಷ್ಟು ಹೋಗುತ್ತೆ ಅನ್ನೋದು ಜೀವಶಾಸ್ತ್ರದ ಪ್ರಶ್ನೆ ಅಲ್ಲ.

ಬಿ12 ವಿಷಯ ಇನ್ನೂ ಸೂಕ್ಷ್ಮ. ಅದಿಲ್ಲದಿದ್ದರೆ ದೇಹದಲ್ಲಿರುವ ಫೋಲೇಟೂ ಕೆಲಸಕ್ಕೆ ಬರಲ್ಲ, ಕೋಶ ಅದೇ ಗೇಟಿನಲ್ಲಿ ಸಿಕ್ಕಿಬೀಳುತ್ತೆ. ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಸುಧಾರಿಸಿದ ಹಾಗೆ ಕಂಡು ಒಳಗೊಳಗೇ ನರ ಹಾಳಾಗಬಹುದು. ಬಿ12 ಸೊಪ್ಪಿನಲ್ಲಿಲ್ಲ, ಕಾಳಿನಲ್ಲಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿದೆ. 2021ರ ಡಿಸೆಂಬರ್‌ನಲ್ಲಿ ಕೊಪ್ಪಳವೂ ಸೇರಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದ್ದರು. ಆಗ ಗಂಗಾವತಿಯ ಒಬ್ಬ ಶಾಲಾ ಬಾಲಕಿ ನಮಗೆ ಮೊಟ್ಟೆ ಬೇಕು ಅಂತ ಕ್ಯಾಮೆರಾ ಮುಂದೆ ಹೇಳಿದ್ದು ರಾಜ್ಯದ ತುಂಬ ಹರಿದಾಡಿತು. ಮೊಟ್ಟೆ ಬೇಡದವರಿಗೆ ಬಾಳೆಹಣ್ಣು ಇತ್ತು. ಬಾಳೆಹಣ್ಣಿನಲ್ಲಿ ಬಿ12 ಇಲ್ಲ. ಆ ಹುಡುಗಿ ಕೇಳಿದ್ದು ತನ್ನ ಮಜ್ಜೆಗೆ ಬೇಕಾದ್ದನ್ನ.

ಸುಬ್ಬರಾವ್ ಬದುಕಿಡೀ ಬೇರೆ ಥರದ ಚೆಕ್‌ಪೋಸ್ಟುಗಳಲ್ಲಿ ನಿಂತರು. ಮದ್ರಾಸಿನಲ್ಲಿ ಬಟ್ಟೆ ನೋಡಿ ತಡೆದರು, ಅಮೆರಿಕದಲ್ಲಿ ಮೈಬಣ್ಣ ನೋಡಿ ತಡೆದರು. ಜೀವಕೋಶದ ಚೆಕ್‌ಪೋಸ್ಟ್ ತಡೆಯೋದು ನಿಜವಾದ ಪೆಟ್ಟು ಕಂಡಾಗ ಮಾತ್ರ. ತಡೆದ ಮೇಲೆ ರಿಪೇರಿಯವರನ್ನು ಕರೆಸುತ್ತೆ, ಸರಿಯಾದರೆ ಬಿಡುತ್ತೆ. ನಮ್ಮ ವ್ಯವಸ್ಥೆಗೆ ರಕ್ತಹೀನ ಹುಡುಗಿಯ ತಟ್ಟೆಯನ್ನು ತಪಾಸಣೆ ಮಾಡೋಕೆ ಬರುತ್ತೆ, ಅವಳ ಹಿಮೋಗ್ಲೋಬಿನ್ ತಪಾಸಣೆ ಮಾಡೋಕೆ ಸಮಯ ಸಿಗಲ್ಲ.

1995ರಲ್ಲಿ, ಹುಟ್ಟಿ ನೂರು ವರ್ಷವಾದಾಗ, ಭಾರತ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು. ಒಂದು ಶಿಲೀಂಧ್ರಕ್ಕೂ ಅವರ ಹೆಸರಿದೆ. ಅವರ ತಂಡ ಕೊಟ್ಟ ಡಿಇಸಿ ಮಾತ್ರೆ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಆನೆಕಾಲು ರೋಗದ ವಿರುದ್ಧ ಇವತ್ತೂ ಮನೆಮನೆಗೆ ಹೋಗುತ್ತೆ. ಇದಕ್ಕಿಂತ ದೊಡ್ಡ ಸ್ಮಾರಕ ಕಟ್ಟೋದು ಬೇಕಿಲ್ಲ. ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗಿ ನಾಲ್ಕು ಪ್ರಶ್ನೆ ಕೇಳಿ. ಈ ತಿಂಗಳು ನೀಲಿ ಮಾತ್ರೆ ಬಂದಿದೆಯಾ? ಊಟದ ನಂತರ ಕೊಡ್ತಿದ್ದೀರಾ? ಹಿಮೋಗ್ಲೋಬಿನ್ ಕೊನೆಯ ಸಲ ನೋಡಿದ್ದು ಯಾವಾಗ? ಮೊಟ್ಟೆ ವಾರಕ್ಕೆ ಎಷ್ಟು? ಉತ್ತರ ಬರದಿದ್ದರೆ ಮುಂದಿನ ಸಭೆಗೂ ಹೋಗಿ.